ಎರಡು ಸಲ ಉಪ್ಪು ಬಿದ್ದ ಪಲ್ಯ

ಹೊನ್ನಾಳಿಯ ನಮ್ಮ ಬೀದಿಯಲ್ಲಿ ಶಂಕರಮ್ಮನವರ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಅಂಥ ಮನೆಗೆ ಸೊಸೆಯಾಗಿ ಬಂದ ರುದ್ರಾಣಿಗೆ ಇದ್ದದ್ದು ಒಂದೇ ಚಟ, ಪತ್ತೇದಾರಿ ಕಾದಂಬರಿ. ಬಸ್ ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಿಂದ ಗಂಡ ತಂದುಕೊಡುತ್ತಿದ್ದ.

"ಓದ್ಕೋ, ಬ್ಯಾಡ ಅನ್ನಲ್ಲ. ಆದ್ರೆ ಒಂದು ದಿನ ಅಡುಗೆ ಕೆಟ್ರೂ ಪುಸ್ತಕ ಒಲೆಗೆ ಹಾಕ್ತೀನಿ ನೋಡು" ಎಂದಿದ್ದರು ಶಂಕರಮ್ಮ. ಹೇಳಿದ್ದನ್ನು ಮಾಡದೆ ಬಿಡುವ ಹೆಂಗಸಲ್ಲ.

ಎಪ್ಪತ್ತೆಂಟನೇ ಇಸವಿ. ದಸರಾ ಕಳೆದು ಮಳೆ ಹಿಂದೆ ಸರಿದಿತ್ತು. ಆಗ ಸಿಕ್ಕ ಪುಸ್ತಕ ಚಿಕ್ಕದು, ಆದರೆ ಬಲು ರುಚಿ. ರಕ್ತವಿಲ್ಲ, ಪಿಸ್ತೂಲಿಲ್ಲ. ಮದುವೆ ಮನೆಯ ಉಗ್ರಾಣಕ್ಕೆ ಹಾಕಿದ ಬೀಗ ಹಾಕಿದ ಹಾಗೇ ಇದೆ, ಒಳಗಿನ ಲಾಡಿನ ಬುಟ್ಟಿ ಮಾಯ! ಅಡುಗೆಭಟ್ಟನೇ ಪತ್ತೇದಾರ. ರುದ್ರಾಣಿಗೆ ಪಿಸುಗುಟ್ಟದೆ ಓದಲು ಬಾರದು. ಅವಳು ಒಲೆಯ ಮುಂದೆ ಓದುತ್ತಿದ್ದರೆ, ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಶಂಕರಮ್ಮನವರ ಕೈ ಆಗಾಗ ನಿಂತುಬಿಡುತ್ತಿತ್ತು.

ಸೀಗೆ ಹುಣ್ಣಿಮೆ ಬಂತು. ಅವತ್ತು ಅಡುಗೆಯನ್ನು ಹೊಲಕ್ಕೆ ಹೊತ್ತು, ಭೂಮಿತಾಯಿಗೆ ಎಡೆ ಇಟ್ಟು, ಎಡೆಯ ಅಡುಗೆಯನ್ನೇ ಪೈರಿನ ಮೇಲೆ ಚರಗವೆಂದು ಚೆಲ್ಲಿದ ಮೇಲೆಯೇ ಮನುಷ್ಯರ ಬಾಯಿಗೆ. ಅಲ್ಲಿಯವರೆಗೆ ಉಪ್ಪು ಸಾಕೋ ಬೇಕೋ ಎಂದು ನಾಲಿಗೆಗೆ ಹಚ್ಚಿಯೂ ನೋಡುವಂತಿಲ್ಲ. ಬದನೆಕಾಯಿ ಪಲ್ಯ ಬೇಯುತ್ತಿತ್ತು. ಪುಸ್ತಕದಲ್ಲಿ ಅಡುಗೆಭಟ್ಟ ಕಳ್ಳನ ಹೆಸರು ಹೇಳಲು ಆಗಷ್ಟೇ ಬಾಯಿ ತೆರೆದಿದ್ದ.

"ಗಾಡಿ ಕಟ್ಟೀನಿ, ಬರ್ರಿ!" ಎಂದು ಮಾವ ಜಯದೇವಪ್ಪ ಹೊರಗಿನಿಂದ ಕೂಗಿದರು.

ರುದ್ರಾಣಿ ಪುಸ್ತಕವನ್ನು ಉಪ್ಪಿನ ಗಡಿಗೆಯ ಹಿಂದೆ ತೂರಿಸಿ ಸೀರೆ ಬದಲಿಸಲು ಓಡಿದಳು. ಪಲ್ಯಕ್ಕೆ ಉಪ್ಪೇ ಹಾಕಿಲ್ಲವೆಂದು ನೆನಪಾದದ್ದು ವಾಪಸು ಬಂದಾಗ. ಗಾಬರಿಯಲ್ಲಿ ಒಂದು ಹಿಡಿ ಹಾಕಿ ಕಲಸಿದಳು. ನೋಡಿದರೆ ಗಡಿಗೆಯ ಹಿಂದೆ ಪುಸ್ತಕವಿಲ್ಲ! ಅತ್ತೆ ಕಂಡುಬಿಟ್ಟರು, ಒಲೆಗೆ ಹಾಕಿಯೇಬಿಟ್ಟರು ಎಂದುಕೊಂಡಳು. ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಅಳು ನುಂಗಿಕೊಂಡಳು.

ಚರಗ ಮುಗಿದು ಎಲ್ಲರೂ ಬದುವಿನ ಮೇಲೆ ಊಟಕ್ಕೆ ಕೂತರು. ಜಯದೇವಪ್ಪ ರೊಟ್ಟಿಗೆ ಪಲ್ಯ ಸುತ್ತಿ ಬಾಯಿಗಿಟ್ಟವರೇ ಕಣ್ಣು ಮೇಲೆ ಮಾಡಿದರು.

"ಯಪ್ಪಾ, ಬರೀ ಉಪ್ಪೇ ಐತಲ್ಲ! ಯಾರು ಹಾಕಿದ್ದು?"

"ನಾನೇ ಮಾವ. ಒಂದೇ ಹಿಡಿ ಹಾಕಿದ್ದು" ಎಂದಳು ರುದ್ರಾಣಿ, ತಲೆ ತಗ್ಗಿಸಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಶಂಕರಮ್ಮ ಸೆರಗು ಸರಿಮಾಡಿಕೊಂಡರು.

"ಅವಳಿಗ್ಯಾಕೆ ಬೈತೀರಿ? ಒಂದು ಹಿಡಿ ನಾನೂ ಹಾಕೀನಿ."

"ನೀನ್ಯಾಕೆ ಹಾಕಾಕೆ ಹೋದೆ?"

"ಇವಳು ಓದ್ತಾ ಮರೆತಿದ್ಲು, ನಾನು ನೋಡಿದೆ. ಅಡುಗೆ ಕೆಟ್ರೆ ಪುಸ್ತಕ ಒಲೆಗೆ ಅಂತ ಹೇಳೀನಿ. ಹೇಳಿದ ಮಾತು ನಡೆಸ್ಬೇಕಲ್ಲ? ಸುಟ್ಟ ಮೇಲೆ ಆ ಲಾಡು ಕದ್ದೋರು ಯಾರಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಜಯದೇವಪ್ಪನವರಿಗೆ ನಕ್ಕೂ ನಕ್ಕೂ ರೊಟ್ಟಿ ಗಂಟಲಿಗೆ ಸಿಕ್ಕಿತು. ಶಂಕರಮ್ಮ ಮಡಿಲಿನಿಂದ ಪುಸ್ತಕ ತೆಗೆದು ಸೊಸೆಯ ಕೈಗಿಟ್ಟರು.

"ನನಗೆ ಓದಾಕೆ ಬಂದಿದ್ರೆ ಗಾಡಿಯಾಗೇ ಮುಗಿಸ್ತಿದ್ದೆ. ಓದು. ಪಿಸಪಿಸ ಬ್ಯಾಡ, ಜೋರಾಗಿ ಓದು."

ತವರು ಬಿಟ್ಟು ಬಂದ ಮೇಲೆ ರುದ್ರಾಣಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಪಲ್ಯ ಪಕ್ಕಕ್ಕೆ ಸರಿಸಿ, ಮೊಸರನ್ನ ಉಣ್ಣುತ್ತಾ ಎಲ್ಲರೂ ಕಿವಿಗೊಟ್ಟರು. ಲಾಡು ಕದ್ದು ಕೋಣೆಯಲ್ಲಿ ಕೂತು ತಿಂದದ್ದು ವರನ ತಾಯಿ.

"ಅತ್ತೆದೇ ಕೆಲಸ ಅಂತ ನನಗೆ ಮೊದಲೇ ಗೊತ್ತಿತ್ತು ಬಿಡು" ಎಂದರು ಶಂಕರಮ್ಮ. "ಮುಂದಿನ ಪುಸ್ತಕ ಯಾವಾಗ ತರ್ತಾನೆ ನಿನ್ನ ಗಂಡ?"