ಬೀಗಿತ್ತಿಯ ವಂಶವೃಕ್ಷ

ದುಬೈಯಲ್ಲಿ ನನಗೆ ಯಾರೇ ಫೋನ್ ಮಾಡಿದರೂ ಮೊದಲು ಕೇಳುವುದು ನನ್ನ ಅಪ್ಪನನ್ನು. ‘ಮಿಸ್ಟರ್ ತಿಮ್ಮಪ್ಪ?’ ಎಂದು ಕೊರಿಯರಿನವನೋ ವಿಮೆಯವಳೋ ಉಲಿದಾಗ, ಮಂಗಳೂರಿಗೆ ಹೋಗಿ ಬಂದದ್ದನ್ನೇ ದೇಶಾಟನೆಯೆಂದು ವರ್ಣಿಸುತ್ತಿದ್ದ ಆ ದಿವಂಗತರು ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಸೋಫಾದಲ್ಲಿ ನನ್ನ ಪಕ್ಕಕ್ಕೇ ಬಂದು ಕುಳಿತಂತಾಗಿ ಅರೆಗಳಿಗೆ ಮೈಮರೆಯುತ್ತೇನೆ. ನಮ್ಮ ಮನೆತನದಲ್ಲಿ ಕುಲನಾಮ ಬರೆಯುವ ರೂಢಿಯಿಲ್ಲ, ಪಾಸ್‌ಪೋರ್ಟಿಗೋ ಅದಿಲ್ಲದೆ ಗತಿಯಿಲ್ಲ. ಹಾಗಾಗಿ ನಾನು ವಾಸು ತಿಮ್ಮಪ್ಪ, ಮಗಳು ಚಿತ್ರಾ ವಾಸು, ಹೆಂಡತಿ ಮದುವೆಯ ಲಾಗಾಯ್ತು ಸುಮತಿ ವಾಸು.

ಅಲ್ ಬರ್ಷಾದ ಆಫೀಸಿನಲ್ಲಿ ಚಿತ್ರಾಳನ್ನು ‘ಮಿಸ್ ವಾಸು’ ಎಂದು ಕರೆಯುತ್ತಾರೆಂದು ತಿಳಿದ ದಿನ ನಾನು ಒಳಗೊಳಗೇ ಪೂರಿಯ ಹಾಗೆ ಉಬ್ಬಿದ್ದೆ. ತುಳುವರಾದ ನಮ್ಮಲ್ಲಿ ‘ಬಳಿ’, ಅಂದರೆ ವಂಶದ ಎಳೆ, ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಅಪ್ಪನೆಂಬ ಬಡಪಾಯಿಗೆ ದಕ್ಕುವುದು ಮಗಳ ಹೆಸರಿನ ಈ ಬಾಲಂಗೋಚಿಯೊಂದೇ. ಅದಕ್ಕೂ ಸಂಚಕಾರ ಬಂತು. ಕೆನಡಾದ ಫ್ರೆಂಚ್ ಸೀಮೆಯಾದ ಕ್ವಿಬೆಕ್‌ನ ಸಹೋದ್ಯೋಗಿ ಮಾರ್ಟಿನ್ ಸಾನ್‌ಸೂಸಿಯನ್ನು ಮದುವೆಯಾಗುತ್ತೇನೆಂದಳು ಮಗಳು.

‘ಚಿತ್ರಾ ಸಾನ್‌ಸೂಸಿ! ಸೌಂಡ್ಸ್ ನೈಸ್ ಅಲ್ವಾ ಪಪ್ಪಾ?’

ನೈಸ್ ಎಂದೆ. ಹುಡುಗ ಒಳ್ಳೆಯವನು, ಆದರೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಯಿತು.

ಮಾತುಕತೆಗೆ ಮಾರ್ಟಿನನ ತಾಯಿ ಲೂಸಿ ಬಂದರು. ನಮ್ಮ ಬೀಗರು ಜಾತಕ ತರುವಂತೆ ಆಕೆ ವಂಶವೃಕ್ಷವನ್ನೇ ತಂದಿದ್ದರು. ಕೋರಿರೊಟ್ಟಿಯ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ಅದನ್ನು ಬಿಡಿಸಿದಾಗ, ಶತಮಾನಗಳ ಹಿಂದಿನ ಹಾಯಿಹಡಗೊಂದು ಮಂಜಿನೊಳಗಿಂದ ನಮ್ಮ ಕೋಣೆಗೇ ತೇಲಿ ಬಂದಂತೆ ನನಗೆ ಭಾಸವಾಯಿತು. ಅದರಿಂದಿಳಿದ ಸಿಪಾಯಿಯೊಬ್ಬನಿಗೆ ಪಾಳೆಯದ ಗೆಳೆಯರು ಇಟ್ಟ ಅಡ್ಡಹೆಸರಂತೆ ಸಾನ್‌ಸೂಸಿ; ಚಿಂತೆಯಿಲ್ಲದವ ಎಂದರ್ಥ. ನಮ್ಮೂರ ದಸ್ತಾವೇಜುಗಳಲ್ಲಿ ‘ಬಾಬು ಯಾನೆ ಸಂಜೀವ’ ಎಂದಿರುವಂತೆ ಅವರಲ್ಲೂ ಮೂಲನಾಮಕ್ಕೆ ಅಡ್ಡನಾಮ ಅಂಟಿಕೊಂಡು, ಮುಂದೆ ಒಂದೇ ಒಲೆಯ ಮಕ್ಕಳಲ್ಲಿ ಕೆಲವರು ಆ ಹೆಸರಿನವರು, ಕೆಲವರು ಈ ಹೆಸರಿನವರು. ಸಾಲದ್ದಕ್ಕೆ ಗಂಡುಗಳಿಗೆಲ್ಲ ಜೋಸೆಫ್, ಹೆಣ್ಣುಗಳಿಗೆಲ್ಲ ಮರೀ ಎಂದು ದೀಕ್ಷಾಸ್ನಾನ. ಈ ಗೊಂಡಾರಣ್ಯದಲ್ಲಿ ಲೂಸಿಗೆ ದಾರಿ ತೋರಿಸಿದ್ದು ಅಜ್ಜಿಯರು. ಅಲ್ಲಿನ ಹಳೆಯ ಇಗರ್ಜಿಗಳಲ್ಲಿ ಹೆಂಗಸು ಮದುವೆಯಾದರೂ ಮಣ್ಣಾದರೂ ದಾಖಲಾಗುತ್ತಿದ್ದುದು ತವರಿನ ಹೆಸರಿನಲ್ಲೇ. ಈಗಂತೂ ಗಂಡನ ಹೆಸರು ಹಿಡಿಯಲು ಮದುಮಗಳಿಗೆ ಕ್ವಿಬೆಕ್‌ನ ಕಾನೂನೇ ಬಿಡುವುದಿಲ್ಲವಂತೆ.

‘ನೋ ವೇ!’ ಎಂದಳು ಚಿತ್ರಾ, ಮುಖ ಸಣ್ಣದು ಮಾಡಿ. ನಾನು ಹಿಗ್ಗು ಮುಚ್ಚಿಡಲಾಗದೆ ಬೀಗಿತ್ತಿಯ ತಟ್ಟೆಗೆ ಬೇಡವೆಂದರೂ ಇನ್ನಷ್ಟು ಕೋಳಿ ಬಡಿಸಿದೆ.

ಹುಡುಗಿಯ ಕಡೆಯ ಕೊಂಬೆ ಬರೆಯಲು ಲೂಸಿ ಪೆನ್ನು ತೆಗೆದರು. ಹುಡುಗಿಯ ತಾಯಿ?

‘ಸುಮತಿ ವಾಸು,’ ಎಂದಳು ನನ್ನಾಕೆ.

ಅದು ಗಂಡನದಾಯಿತು, ನಿಮ್ಮ ಹೆಸರು ಹೇಳಿ ಎಂದರು ಲೂಸಿ. ಸುಮತಿ ನನ್ನ ಮುಖ ನೋಡಿದಳು. ಆಮೇಲೆ, ಯಾರನ್ನೋ ನಿದ್ದೆಯಿಂದ ಎಬ್ಬಿಸುವವಳಂತೆ ಮೆಲ್ಲಗೆ, ‘ಸುಮತಿ ದೂಮಪ್ಪ’ ಎಂದಳು. ದೂಮಪ್ಪನವರು ನನ್ನ ಮಾವ. ತೀರಿಕೊಂಡು ಬಹಳ ಕಾಲವಾಯಿತು. ಮಗಳ ಹೆಸರಿನಿಂದ ಅವರು ಎದ್ದುಹೋದಾಗ ಅವರ ಗಂಟಲಲ್ಲಿ ಏನು ಸಿಕ್ಕಿಕೊಂಡಿತ್ತೋ ನನಗೆ ಗೊತ್ತಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ನಿಶ್ಚಿತಾರ್ಥದ ಕೇಕಿಗೆ ಹೇಳಲು ನಾನೂ ಸುಮತಿಯೂ ಬೇಕರಿಗೆ ಹೋದೆವು. ಕೌಂಟರಿನಲ್ಲಿದ್ದವರು ಮಂಗಳೂರಿನ ಬ್ಯಾರಿ.

‘ಆರ್ಡರಿಗೆ ಹೆಸರು ಎಂತ ಬರೀಲಿ ಅಕ್ಕ?’

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿಯಾಗಿತ್ತು. ಅವರು ಬರೆದುಕೊಂಡರು.

‘ಒಮ್ಮೆ ಓದಿ ಹೇಳಿ, ಆಯ್ತಾ?’ ಎಂದಳು.

‘ಸುಮತಿ ದೂಮಪ್ಪ. ಸರಿ ಉಂಟಲ್ಲ?’

‘ಸರಿ ಉಂಟು,’ ಎಂದಳು ಸುಮತಿ. ‘ಇನ್ನೊಮ್ಮೆ ಓದಿ.’