ನೆಲಗಣ್ಣಿ ತಲೆ ಎತ್ತಿದ್ದು

ಕಿವಿ ಮೆಷಿನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೊಂದು ಮೇಜು, ಒಂದು ಭೂತಗನ್ನಡಿ. ಕೆಟ್ಟ ಮೆಷಿನ್‌ಗಳನ್ನು ಬಿಚ್ಚಿ, ಗುಗ್ಗೆ ಕಟ್ಟಿದ ನಳಿಕೆ ತೆಗೆದು ರಿಪೇರಿ ಮಾಡುವುದರಲ್ಲಿ ಎತ್ತಿದ ಕೈ. ಆದರೆ ಯಾರ ಮುಖವನ್ನೂ ನೆಟ್ಟಗೆ ನೋಡಿದವಳಲ್ಲ. ಜೊತೆಯವರನ್ನು ಚಪ್ಪಲಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಬಿಲ್ ಬರೆಯುವಾಕೆ ಹೊಸ ಚಪ್ಪಲಿ ಮೆಟ್ಟಿ ಬಂದ ದಿನ ಇವಳು "ಯಾರು ಬೇಕಿತ್ತು ಮೇಡಂ?" ಎಂದು ಕೇಳಿದ್ದಕ್ಕೆ ಅಂಗಡಿಗೆ ಅಂಗಡಿಯೇ ನಕ್ಕಿತ್ತು. ಅಂದಿನಿಂದ ಅವಳು ನೆಲಗಣ್ಣಿ.

ಒಂದು ದಿನ ಅಂಗಡಿ ಯಜಮಾನರು, "ದೂರದ ಗಿರಾಕಿಗಳಿಗೆ ಇನ್ಮೇಲೆ ವಿಡಿಯೊ ಕಾಲ್‌ನಲ್ಲೇ ಹೇಳಿಕೊಡೋಣ. ನೀವೇ ಮಾಡಿ, ಬೇಕಾದ್ರೆ ಮನೆಯಿಂದಲೇ ಮಾಡಿ" ಎಂದರು. ಅವಳು ಅವರ ಚಪ್ಪಲಿ ನೋಡುತ್ತಲೇ ಹೂಂ ಎಂದಳು.

ಮೊದಲ ಕರೆ ಒಬ್ಬ ನಿವೃತ್ತ ಬಸ್ ಕಂಡಕ್ಟರ್‌ದು. ಮೆಷಿನ್ ಸುಮ್ಮನಾಗಿತ್ತು. ಅವಳು ಮೇಜು ನೋಡುತ್ತಾ ಗಡಗಡ ಹೇಳುತ್ತಾ ಹೋದಳು.

"ಅಮ್ಮಾ, ಸ್ವಲ್ಪ ಮುಖ ಎತ್ತಮ್ಮ. ತುಟಿ ಕಾಣದೆ ಇದ್ರೆ ನನಗೆ ಮಾತೇ ತಿಳಿಯಲ್ಲ."

ಎತ್ತಿದಳು. ಪರದೆಯ ತುಂಬ ಎರಡು ಕಣ್ಣು, ಪಕ್ಕದ ಚೌಕದಲ್ಲಿ ಬೆವೆತ ತನ್ನದೇ ಮುಖ. ಕರೆ ಕತ್ತರಿಸಿಬಿಟ್ಟಳು. ಯಜಮಾನರಿಗೆ ನೆಟ್ ಹೋಯಿತೆಂದು ಸುಳ್ಳು ಹೇಳಿದಳು; ನೆಟ್ ಸರಿಯಾದ ಮೇಲೆ ಮಾಡುತ್ತಾರೆಂದು ಅವರು ಕಂಡಕ್ಟರ್‌ಗೂ ತಿಳಿಸಿದರು. ಆದರೆ ಆ ಮನುಷ್ಯನಿಗೆ ತನ್ನ ತುಟಿಯೇ ಕಿವಿ ಎಂಬುದು ಮನಸ್ಸನ್ನು ಕೊರೆಯತೊಡಗಿತು.

ಸಂಜೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅತ್ತೆ ಬಾಯಿ ಬಿಟ್ಟು ನೋಡಿದರು.

"ಅಯ್ಯೋ, ಭಯವೇನೇ? ಮದುವೆಯಾಗಿ ಬಂದಾಗಿಂದ ಇವಳಿಗೆ ಜಂಬ ಅಂದ್ಕೊಂಡಿದ್ದೆ! ಬಾ, ಎದುರಿಗೆ ಕೂತ್ಕೋ. ಒಂದು ಎಸಳು ಸುಲಿಯೋವರೆಗೂ ನನ್ನ ಕಣ್ಣು ನೋಡು. ಆಮೇಲೆ ಬೇಕಾದ್ರೆ ನೆಲ ನೋಡು."

ಮೊದಲ ಎಸಳಿಗೇ ಅವಳ ಕಿವಿ ಕೆಂಪಾಯಿತು. ಎರಡನೆಯದಕ್ಕೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದಿನಾ ಸಂಜೆ ಇದೇ ಪಾಠ. ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬೆಳ್ಳುಳ್ಳಿ ಸುಲಿದದ್ದಾಯಿತು. ಒಂದು ಸಂಜೆ ಅವಳೇ ಮುಂದಕ್ಕೆ ಬಾಗಿ, "ಅತ್ತೆ, ನಿಮ್ಮ ಎಡಗಣ್ಣಲ್ಲಿ ಪೊರೆ ಬಂದ ಹಾಗಿದೆಯಲ್ಲಾ!" ಎಂದಳು. ಮಗನಿಗೂ ಕಾಣದ್ದು ಸೊಸೆಗೆ ಕಂಡಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬೆಳ್ಳುಳ್ಳಿ ಘಾಟು" ಎಂದರು.

ಮರುದಿನ ಯಾರೂ ಹೇಳದೆಯೇ ಅವಳು ಕಂಡಕ್ಟರ್‌ಗೆ ಕರೆ ಮಾಡಿದಳು. ಅತ್ತೆ ಲ್ಯಾಪ್‌ಟಾಪಿನ ಹಿಂದೆ ಕುರ್ಚಿ ಹಾಕಿಕೊಂಡು, ಕ್ಯಾಮೆರಾದ ಮೇಲ್ಗಡೆ ಸೊಸೆಗೆ ಸರಿಯಾಗಿ ತಮ್ಮ ಮುಖ ಕಾಣುವಂತೆ ಕೂತರು. ಅವಳು ತಲೆ ಎತ್ತಿ, ಬಿಡಿಸಿ ಬಿಡಿಸಿ ಹೇಳಿದಳು:

"ಸರ್, ಅವತ್ತು ನೆಟ್ ಹೋಗಿರಲಿಲ್ಲ. ಹೆದರಿ ನಾನೇ ಕಟ್ ಮಾಡಿದ್ದು. ತಪ್ಪಾಯ್ತು."

ಆತ ನಕ್ಕರು. "ಹೊಸದರಲ್ಲಿ ನಾನೂ ಹಾಗೇ ತಾಯಿ. ಬಸ್ ತುಂಬಿದ್ರೆ ಟಿಕೆಟ್ ಕೇಳೋಕೂ ನಾಲಿಗೆ ಏಳ್ತಿರಲಿಲ್ಲ. ಹೇಳು, ಈಗ ಕಾಣ್ತಿದೆ."

ನಳಿಕೆ ತೆಗೆಯಿರಿ, ಬೆಚ್ಚನೆ ನೀರಲ್ಲಿ ತೊಳೆಯಿರಿ, ಪೂರ್ತಿ ಒಣಗಿಸಿ, ಮತ್ತೆ ಸಿಕ್ಕಿಸಿ. ಆತ ಒಂದೊಂದಾಗಿ ಮಾಡಿದರು, ಅವಳು ಕಾದಳು. ಮೆಷಿನ್ ಕಿವಿಗೇರಿತು. ಒಳಗಿನಿಂದ ಯಾರೋ ಕೂಗಿದ್ದಕ್ಕೆ ಆತ ಹೌಹಾರಿ ತಿರುಗಿದರು.

"ಅಯ್ಯಯ್ಯೋ! ನಮ್ಮ ಮನೆಯವಳು ಬೈಯೋದೂ ಕೇಳಿಸ್ತಿದೆಯಲ್ಲಮ್ಮ!"

ಅವಳು ನಕ್ಕಳು, ನೇರ ಕ್ಯಾಮೆರಾ ನೋಡಿಕೊಂಡೇ.

ಈಗಲೂ ಕರೆಗೆ ಮುಂಚೆ ಅಂಗೈ ಬೆವರುತ್ತದೆ, ಒರೆಸಿಕೊಂಡು ಶುರುಮಾಡುತ್ತಾಳೆ. ಗಿರಾಕಿಗಳು "ಆ ನಿಧಾನಕ್ಕೆ ಮಾತಾಡೋ ಮೇಡಂ ಇದಾರಾ?" ಎಂದು ಅವಳನ್ನೇ ಕೇಳುತ್ತಾರೆ. ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ಕಲಿಸಲು ಯಜಮಾನರು ಹೇಳಿದಾಗ ಅವಳು ಎದ್ದು ನಿಂತು, ಇಬ್ಬರ ಮುಖವನ್ನೂ ನೋಡಿ ಹೇಳಿದಳು: "ಬೆಳಕು ನಿಮ್ಮ ಮುಖದ ಮೇಲಿರಲಿ. ಬಾಯಿಗೆ ಕೈ ಅಡ್ಡ ಬೇಡ. ಅವರು ನಿಮ್ಮನ್ನ ನೋಡಿಯೇ ಕೇಳಿಸಿಕೊಳ್ಳೋದು."

ಮನೆಯಲ್ಲಿ ಅತ್ತೆಯನ್ನು ಹಿಡಿಯುವವರೇ ಇಲ್ಲ. ಬಟ್ಟೆ ಒಣಹಾಕಲು ಮಹಡಿಗೆ ಹೋದರೆ ಸಾಕು, ಪಕ್ಕದ ಮನೆಯಾಕೆಗೆ ಶುರು: "ನಮ್ಮ ಹುಡುಗಿ ಮುಖ ನೋಡಿದ್ರೆ ಸಾಕು, ಕಿವುಡರಿಗೂ ಮಾತು ತಿಳಿಯುತ್ತೆ, ಗೊತ್ತಾ?"