ಕೊನೆಯ ಸ್ಥಾನಕ್ಕೆ ಪೈಪೋಟಿ

ಗೆಳೆಯರೇ, ನಾವೇ ಎಲ್ಲರಿಗಿಂತ ಕೆಟ್ಟದಾಗಿ ಆಡುತ್ತೇವೆ ಎಂದು ಇಬ್ಬರು ಫುಟ್‌ಬಾಲ್ ನಾಯಕರು ಇವತ್ತು ಬೆಳಿಗ್ಗೆ ಮೇಜು ಗುದ್ದಿ ಜಗಳವಾಡಿದರು. ಅವರಲ್ಲಿ ಒಬ್ಬರು ನನ್ನ ಯಜಮಾನರು.

ನಮ್ಮ ಬಡಾವಣೆಗಳ ಲೀಗ್‌ಗೆ ಹೊಸ ಹುಡುಗರನ್ನು ಆರಿಸುವ ದಿನ. ಕೊನೆಯಲ್ಲಿರುವ ತಂಡಕ್ಕೆ ಮೊದಲ ಆಯ್ಕೆ ಎಂಬುದು ನಿಯಮ. ಎಲ್ಲರ ಕಣ್ಣೂ ಭದ್ರಾವತಿಯ ಸೆಲ್ವನ ಮೇಲೆ. ಹದಿನೆಂಟರ ಹುಡುಗ, ಓಡಿದರೆ ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಇರುತ್ತದೆ. ಆದರೆ ಇವರ ವಿನೋಬನಗರ ತಂಡವೂ ಮಲವಗೊಪ್ಪದ ತಂಡವೂ ಒಂದೂ ಪಂದ್ಯ ಗೆಲ್ಲದೆ ತಳದಲ್ಲಿ ಸಮವಾಗಿದ್ದವು.

"ನಾವೇ ಕಳಪೆ ಸ್ವಾಮಿ! ನಮ್ ಗೋಲಿಗೆ ನಾವೇ ಹೊಡ್ಕೊಂಡಿದೀವಿ," ಎಂದರು ಮಲವಗೊಪ್ಪದ ನಾಯಕರು.

"ಅದೇನ್ ಮಹಾ ಮಾರಾಯ? ನಮ್ ಗೋಲ್‌ಕೀಪರ್ ಆಟದ ಮಧ್ಯೆ ಫೋನಲ್ಲಿ ಮಾತಾಡ್ತಿದ್ದ!" ಎಂದ ನಮ್ಮವರು, ಜೊತೆಗೆ ಬಂದು ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿ, "ನೀನೇ ಹೇಳೇ, ನಮ್ಮ ಆಟ ಹೆಂಗಿರುತ್ತೆ?" ಎಂದರು.

"ನೋಡೋಕಾಗಲ್ಲ ರೀ. ಅರ್ಧ ಆಟಕ್ಕೇ ನಿಮ್ಮ ಅರ್ಧ ತಂಡ ಮೈದಾನದಲ್ಲೇ ಕೂತ್ಬಿಡುತ್ತೆ."

ಮದುವೆಯಾದಾಗಿನಿಂದ ನನ್ನ ಟೀಕೆಯನ್ನು ಅವರು ಇಷ್ಟು ಸಂತೋಷದಿಂದ ಕೇಳಿದ್ದಿಲ್ಲ. ನಾವೇ ಕೊನೆ ಎಂದು ಆಯೋಜಕರು ಒಪ್ಪಿದರು. ಸೆಲ್ವ ಸಿಕ್ಕಿದ. ಇಡೀ ತಂಡ ಕುಣಿದಾಡಿತು.

ಸೆಲ್ವ ಬಂದು ಕೈಕಟ್ಟಿ ನಿಂತ. "ಸರ್, ನಾನ್ ಎಲ್ಲಿ ಆಡ್ಲಿ?"

"ಸದ್ಯಕ್ಕೆ ಹೊರಗೆ ಕೂತ್ಕೊಂಡು ನೋಡ್ತಿರಪ್ಪ. ಇಷ್ಟು ವರ್ಷ ಆಡಿದೋರನ್ನ ಬಿಡೋಕಾಗುತ್ತಾ? ಬೇಜಾರ್ ಮಾಡ್ಕೋತಾರೆ," ಎಂದರು ಯಜಮಾನರು. ಅವರಿಗೆ ಐವತ್ತೆರಡು. ತಂಡದ ಮುಂಚೂಣಿ ಆಟಗಾರರು ಅವರೇ.

ಮುಂದಿನ ವರ್ಷವೂ ಮೊದಲ ಆಯ್ಕೆ ನಮ್ಮದೇ. ಅದರಲ್ಲಿ ನನಗೆ ಅನುಮಾನವಿಲ್ಲ.